ನಗರ ಸೀಮೆಯ ಒಂದು ನಾಣ್ಯದ ಪೆಟ್ಟಿಗೆ: ತೊಳೆದದ್ದೆಷ್ಟು, ಬಿಟ್ಟದ್ದೆಷ್ಟು

ಹಳೆಯ ನಾಣ್ಯ ತೊಳೆಯಬಹುದೇ ಎಂದು ಕೇಳಿದವರಿಗೆ ಸಂಗ್ರಾಹಕರು ಕೊಡುವ ಉತ್ತರ ಸಾಮಾನ್ಯವಾಗಿ ಒಂದೇ: ಮುಟ್ಟಬೇಡಿ. ಬಹಳ ಸಲ ಅದು ಸರಿ. ಆದರೆ ಕೆಲವು ಸಲ ಮುಟ್ಟದೆ ಬಿಟ್ಟರೆ ನಾಣ್ಯವೇ ಉಳಿಯುವುದಿಲ್ಲ. ಎರಡೂ ಒಂದೇ ಪೆಟ್ಟಿಗೆಯಲ್ಲಿ ಎದುರಾದ ಪ್ರಕರಣ ಇದು. ಮನೆಯವರ ಒಪ್ಪಿಗೆಯಿಂದ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾರೆ.

ಮನೆ ಇರುವುದು ಹೊಸನಗರ ತಾಲ್ಲೂಕಿನಲ್ಲಿ, ನಗರ ಎಂಬ ಊರಿನ ಸೀಮೆಯಲ್ಲಿ, ಅಡಿಕೆ ತೋಟದ ನಡುವೆ. ಯಜಮಾನರು ತೀರಿಕೊಂಡ ಮೇಲೆ ಮಕ್ಕಳಲ್ಲಿ ಪಾಲಿನ ಮಾತು ಬಂತು. ಅಟ್ಟದ ಮೇಲಿದ್ದ ಬೀಟೆ ಪೆಟ್ಟಿಗೆ ಕೆಳಗಿಳಿಯಿತು. ಜಮೀನಿನ ಲೆಕ್ಕ ಸುಲಭವಾಗಿ ಮುಗಿದರೂ ನಾಣ್ಯಗಳ ಲೆಕ್ಕ ಮುಗಿಯಲಿಲ್ಲ, ಯಾವುದಕ್ಕೆ ಎಷ್ಟು ಬೆಲೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಪೇಟೆಯ ಅಕ್ಕಸಾಲಿಗರೊಬ್ಬರು, "ತನ್ನಿ, ಅಂಟುವಾಳದ ನೀರಲ್ಲಿ ಕುದಿಸಿ ಹಿತ್ತಾಳೆ ಬ್ರಷ್ ಹಾಕಿ ಕೊಡ್ತೇನೆ, ಹೊಸತರ ಹಾಗೆ ಆಗ್ತದೆ" ಅಂದಿದ್ದರು. ಅವರದು ಕೆಟ್ಟ ಮನಸ್ಸೇನಲ್ಲ. ಬೆಳ್ಳಿ ಕಾಲುಂಗುರಕ್ಕೆ, ಆರತಿ ತಟ್ಟೆಗೆ ಅವರು ದಿನಾ ಮಾಡುವ ಕೆಲಸ ಅದೇ. ಅಷ್ಟರಲ್ಲಿ ಹಿರಿಯ ಮಗನ ಮಗ ಮೊಬೈಲಿನಲ್ಲಿ ಏನನ್ನೋ ನೋಡಿ ಒಂದು ತಾಮ್ರದ ನಾಣ್ಯವನ್ನು ಉಪ್ಪು-ಹುಣಸೆ ಹಾಕಿ ತಿಕ್ಕಿಯೂ ಆಗಿತ್ತು. ಫಳಫಳ ಹೊಳೆಯುವ ಆ ನಾಣ್ಯ ಕಂಡ ಹಿರಿಯ ಮಗನಿಗೆ ಯಾಕೋ ಅಳುಕು ಬಂತು. ಹಾಗಾಗಿ ನನಗೆ ಕರೆ ಬಂತು.

ಪೆಟ್ಟಿಗೆಯಲ್ಲಿ ಇದ್ದದ್ದು

ಕಂಬಳಿ ತುಂಡಿನಲ್ಲಿ ಸುತ್ತಿದ ಬೆಳ್ಳಿ ರೂಪಾಯಿಗಳು ನಲವತ್ತರ ಆಸುಪಾಸು. ವಿಕ್ಟೋರಿಯಾ ರಾಣಿ, ಏಳನೆಯ ಎಡ್ವರ್ಡ್, ಐದನೆಯ ಮತ್ತು ಆರನೆಯ ಜಾರ್ಜ್ ಎಲ್ಲರೂ ಇದ್ದರು. ಯಾರೋ ಅವನ್ನು ಸಾಲಾಗಿ ಪೇರಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು. ತಗಡಿನ ಡಬ್ಬಿಯೊಂದರಲ್ಲಿ ತಾಮ್ರದ ದುಡ್ಡುಗಳು: 1835ರ ಕಂಪನಿ ಕಾಲದ ಕಾಲಾಣೆಗಳು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಆನೆ ಗುರುತಿನ ‘ಮಯಿಲಿ ಕಾಸು 20’, ಜೊತೆಗೆ ಟಿಪ್ಪುವಿನ ಆನೆ ಪೈಸೆ ಒಂದು. ಮೂರನೆಯದು ಒಂದು ಪ್ಲಾಸ್ಟಿಕ್ ಆಲ್ಬಂ, ಸ್ವಾತಂತ್ರ್ಯಾನಂತರದ ನಾಣ್ಯಗಳದ್ದು. ಇವಲ್ಲದೆ ದೇವರ ಕೋಣೆಯಲ್ಲಿ ಐದು ಬೆಳ್ಳಿ ರೂಪಾಯಿ, ವರ್ಷಾವರ್ಷ ಲಕ್ಷ್ಮೀಪೂಜೆಗೆ ಇಡುವಂಥವು.

ಇನ್ನೊಂದು ಇತ್ತು. ಅದನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಮನೆಯವರ ಆಸೆಯೆಲ್ಲ ಅದರ ಮೇಲಿತ್ತು. ಒಂದು ಬದಿ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದು ಬದಿ ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818. "ಇದಕ್ಕೆ ಲಕ್ಷಗಟ್ಟಲೆ ಅಂತೆ, ಹೌದನಾ?" ಎಂದು ಕೇಳಿದರು. ಕಂಪನಿ ಸರ್ಕಾರ ಯಾವತ್ತೂ ರಾಮನ ಚಿತ್ರದ ನಾಣ್ಯ ಟಂಕಿಸಿಲ್ಲ. ಇವು ದೇವಸ್ಥಾನದ ಅಂಗಡಿ, ಜಾತ್ರೆಗಳಲ್ಲಿ ಮಾರಿದ ಬಿಲ್ಲೆಗಳು. ರೈಸ್ ಪುಲ್ಲಿಂಗ್ ಎಂದು ಅಕ್ಕಿ ಕಾಳು ಎಳೆಯುವ ನಾಟಕ ಮಾಡಿ ದುಡ್ಡು ಹೊಡೆಯುವವರ ಕೈಯಲ್ಲಿ ಇಂಥವು ಓಡಾಡುತ್ತವೆ. ಇದನ್ನು ತೊಳೆಯಿರಿ, ಬಿಡಿ, ದೇವರ ಮುಂದೆ ಇಡಿ, ಏನೂ ತೊಂದರೆ ಇಲ್ಲ ಎಂದೆ. ಮನೆಯ ಅಮ್ಮ ನಕ್ಕರು, ಮಗ ನಗಲಿಲ್ಲ.

ಕಪ್ಪು ಎಂದರೆ ಕೊಳೆ ಎಂದಲ್ಲ

ಬೆಳ್ಳಿ ರೂಪಾಯಿಗಳ ಸಂಗತಿಯೇ ದೊಡ್ಡದು. ಈ ನಾಣ್ಯಗಳಲ್ಲಿ 91.7 ಶೇಕಡಾ ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ, ತೂಕ 11.66 ಗ್ರಾಂ. 1940ರಿಂದ ಯುದ್ಧದ ಕಾಲಕ್ಕೆ ಬೆಳ್ಳಿ ಅರ್ಧಕ್ಕೆ ಇಳಿಯಿತು, ತಾಮ್ರ ನಲವತ್ತು ಭಾಗವಾಯಿತು. ಆರನೆಯ ಜಾರ್ಜನ ಮುಖ ಬೇರೆ ಬಣ್ಣಕ್ಕೆ ತಿರುಗುವುದು ಇದರಿಂದಲೇ.

ಬೆಳ್ಳಿಯ ಮೇಲೆ ಕಾಣುವ ಕಪ್ಪು ಹೊರಗಿನಿಂದ ಬಂದು ಕೂತ ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅನಿಲ ನಾಣ್ಯದ ಮೇಲ್ಮೈಯ ಬೆಳ್ಳಿಯೊಂದಿಗೆ ಸೇರಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ಅಂದರೆ ಕಪ್ಪೆನ್ನುವುದು ಆ ನಾಣ್ಯದ ಬೆಳ್ಳಿಯೇ, ರೂಪ ಬದಲಿಸಿದೆ ಅಷ್ಟೇ. ಅದನ್ನು ಕರಗಿಸಿ ತೆಗೆದರೆ ನಾಣ್ಯದ ಒಂದು ಪದರವನ್ನೇ ತೆಗೆದ ಹಾಗೆ. ಈ ಪದರ ತೆಳ್ಳಗಿದ್ದಾಗ ಬೆಳಕಿನ ಆಟದಿಂದ ಮೊದಲು ಹಳದಿ, ಆಮೇಲೆ ಕೆಂಪುಗಂದು, ನೀಲಿ, ನೇರಳೆ, ಕೊನೆಗೆ ಕಪ್ಪು ಕಾಣುತ್ತದೆ. ಸಂಗ್ರಾಹಕರು ಟೋನಿಂಗ್ ಎನ್ನುವುದು ಇದಕ್ಕೆ. ಚೆನ್ನಾಗಿ ಬಂದರೆ ಅದಕ್ಕೇ ಹೆಚ್ಚು ದುಡ್ಡು ಕೊಡುವವರಿದ್ದಾರೆ.

ಪೆಟ್ಟಿಗೆಯ ತಳದಲ್ಲಿ, ಕಂಬಳಿಯ ಹೊರಗೆ, ಕಾಗದದ ಪೊಟ್ಟಣದಲ್ಲಿ ಮರೆತುಹೋದ ಐದನೆಯ ಜಾರ್ಜನ ಒಂದು ರೂಪಾಯಿ ಸಿಕ್ಕಿತು. 1918ರದ್ದು. ಅಂಚಿನಲ್ಲಿ ನೀಲಿ, ನಡುವೆ ಜೇನಿನ ಬಣ್ಣ. ಬೆಳಕಿಗೆ ಓರೆ ಹಿಡಿದು ತಿರುಗಿಸಿದರೆ ಮುಖದ ಸುತ್ತ ಹೊಳಪಿನ ಪಟ್ಟಿ ಗಾಲಿಯ ಅರೆಗಳಂತೆ ತಿರುಗುತ್ತದೆ. ಇದು ಪಾಲಿಶ್ ಕೊಟ್ಟು ಬರುವ ಹೊಳಪಲ್ಲ. ಟಂಕಸಾಲೆಯಲ್ಲಿ ಅಚ್ಚು ಬಿದ್ದ ಕ್ಷಣದಲ್ಲಿ ಲೋಹ ಹರಿದು ಹೋದ ದಾರಿಗಳು ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಾಗಿ ಉಳಿದಿರುತ್ತವೆ. ಬೆಳಕು ಅವುಗಳಿಂದ ಚಿಮ್ಮುತ್ತದೆ. ಒಮ್ಮೆ ಬಟ್ಟೆಯಿಂದ ತಿಕ್ಕಿದರೂ ಆ ಗೀರುಗಳು ಸವೆಯುತ್ತವೆ, ಬೇರೆ ದಿಕ್ಕಿನ ಹೊಸ ಗೀರುಗಳು ಬೀಳುತ್ತವೆ. ಆಮೇಲೆ ಉಳಿಯುವುದು ಸ್ಟೀಲ್ ಲೋಟದ ಹೊಳಪು. ಹಿತ್ತಾಳೆ ಬ್ರಷ್ ಮಾಡುವುದೂ ಅದನ್ನೇ, ವಿಭೂತಿ, ಹಲ್ಲುಪುಡಿ, ಟೂತ್‌ಪೇಸ್ಟ್ ಮಾಡುವುದೂ ಅದನ್ನೇ.

ಉಳಿದ ರೂಪಾಯಿಗಳ ಮೇಲೆ ಕಪ್ಪು ಅಡ್ಡಪಟ್ಟಿಗಳಿದ್ದವು, ನೇರವಾಗಿ, ಗೆರೆ ಎಳೆದ ಹಾಗೆ. ಯಾರೋ ಬೇಕೆಂದೇ ಗುರುತು ಹಾಕಿದ್ದಾರೆ ಎಂಬ ಅನುಮಾನ ಮನೆಯವರಿಗೆ. ಅದು ರಬ್ಬರ್ ಬ್ಯಾಂಡಿನ ಕೆಲಸ. ರಬ್ಬರನ್ನು ಗಟ್ಟಿಮಾಡಲು ಗಂಧಕ ಬೆರೆಸುತ್ತಾರೆ, ಅದು ತಾಗಿದ ಜಾಗದಲ್ಲಿ ಬೆಳ್ಳಿ ಬೇಗ ಕಪ್ಪಾಗುತ್ತದೆ. ಕಂಬಳಿಯ ಉಣ್ಣೆಯಲ್ಲೂ ಗಂಧಕ ಇದೆ. ಅಡುಗೆಮನೆಯ ಹೊಗೆ ಅಟ್ಟಕ್ಕೇ ಹೋಗುತ್ತಿತ್ತು. ಬೆಳ್ಳಿಗೆ ಬೇಡವಾದ ನೆರೆಹೊರೆಯೆಲ್ಲ ಒಂದೇ ಪೆಟ್ಟಿಗೆಯಲ್ಲಿ ಸೇರಿಕೊಂಡಿತ್ತು.

ಮನೆಯ ಸೊಸೆ ಒಂದು ಉಪಾಯ ಹೇಳಿದರು: ಬಿಸಿನೀರಿಗೆ ಅಡುಗೆ ಸೋಡ ಹಾಕಿ, ಅಲ್ಯೂಮಿನಿಯಂ ಫಾಯಿಲ್ ಮೇಲೆ ಇಡುವುದು, ತಿಕ್ಕುವುದೇ ಬೇಡ. ಕೆಲಸ ಮಾಡುತ್ತದೆ, ನಿಜ. ಅಲ್ಯೂಮಿನಿಯಂ ಗಂಧಕವನ್ನು ಎಳೆದುಕೊಂಡು ಬೆಳ್ಳಿಯನ್ನು ಬಿಟ್ಟುಕೊಡುತ್ತದೆ, ಮನೆಯ ಚಮಚ-ಬಟ್ಟಲಿಗೆ ಒಳ್ಳೆಯ ವಿಧಾನವೇ. ಆದರೆ ಮರಳಿ ಬಂದ ಬೆಳ್ಳಿ ಮೊದಲಿದ್ದ ಜಾಗಕ್ಕೆ ಮೊದಲಿನಂತೆಯೇ ಹೋಗಿ ಕೂರುವುದಿಲ್ಲ. ಮೇಲ್ಮೈ ಮಂಕಾಗಿ, ಸುಣ್ಣದ ಬಿಳಿಯಂತೆ ಕಾಣುತ್ತದೆ. ಬಾಟಲಿಯಲ್ಲಿ ಬರುವ ಬೆಳ್ಳಿ ಅದ್ದುವ ದ್ರಾವಣಗಳಲ್ಲಿ ಥಯೋಯೂರಿಯಾ ಮತ್ತು ಆಮ್ಲ ಇರುತ್ತವೆ. ಅನುಭವಸ್ಥರು ಹೊಸದರಂಥ ನಾಣ್ಯವನ್ನು ಅದರಲ್ಲಿ ಕ್ಷಣಮಾತ್ರ ಅದ್ದಿ ತೆಗೆಯುವುದುಂಟು. ಸವೆದ ನಾಣ್ಯಕ್ಕೆ ಅದನ್ನು ಹಾಕಿದರೆ ನೂರು ವರ್ಷದ ಮುಖಕ್ಕೆ ನಿನ್ನೆಯ ಬಿಳಿ ಬಣ್ಣ ಬಂದು ಅಸಹ್ಯವಾಗುತ್ತದೆ. ಸರಿಯಾಗಿ ತೊಳೆಯದೆ ದ್ರಾವಣ ಉಳಿದರೆ ಮುಂದೆ ಹಳದಿ ಕಲೆಯೂ ಏಳುತ್ತದೆ. ಅರ್ಧ ಬೆಳ್ಳಿಯ ಯುದ್ಧಕಾಲದ ರೂಪಾಯಿಗಳಿಗಂತೂ ಆಮ್ಲ ಬೇಡವೇ ಬೇಡ, ತಾಮ್ರ ಮೊದಲು ಕರಗಿ ಮೈ ಒರಟಾಗುತ್ತದೆ.

ಹಾಗಾದರೆ ಬೆಳ್ಳಿಗೆ ಏನು ಮಾಡಿದೆವು? ಬಹುಪಾಲಿಗೆ ಏನೂ ಇಲ್ಲ. ರಬ್ಬರ್ ಬ್ಯಾಂಡ್ ಬಿಚ್ಚಿದೆವು, ಕಂಬಳಿ ಎಸೆದೆವು, ಪಟ್ಟಿಗಳನ್ನು ಹಾಗೆಯೇ ಬಿಟ್ಟೆವು.

ಮೂರು ವಿಕ್ಟೋರಿಯಾ ರೂಪಾಯಿಗಳಿಗೆ ಮಾತ್ರ ಕೈ ಹಾಕಬೇಕಾಯಿತು. ಮೂರರ ಮೇಲೂ ಇಸವಿ 1862. ಆ ವರ್ಷ ಅಚ್ಚುಮೊಳೆಗೆ ಹಾಕಿದ ಇಸವಿಯನ್ನು 1874ರಲ್ಲಿ ಪ್ರತಿವರ್ಷದ ಇಸವಿ ಶುರುವಾಗುವ ತನಕ ಬದಲಿಸಲೇ ಇಲ್ಲ. ನಡುವಿನ ವರ್ಷಗಳಲ್ಲಿ ಟಂಕಿಸಿದ್ದಕ್ಕೂ 1862 ಎಂದೇ ಇದೆ. ಹಿಂಬದಿಯಲ್ಲಿರುವ ಸಣ್ಣ ಸಣ್ಣ ಚುಕ್ಕಿಗಳ ಲೆಕ್ಕದಿಂದ ಅವನ್ನು ಬೇರೆ ಬೇರೆ ಎಂದು ಗುರುತಿಸುತ್ತಾರೆ. ಬೆಲೆಯ ವ್ಯತ್ಯಾಸವೂ ಆ ಚುಕ್ಕಿಗಳಲ್ಲೇ. ಈ ಮೂರರಲ್ಲಿ ಚುಕ್ಕಿಗಳಿರಬೇಕಾದ ಜಾಗ ಎಣ್ಣೆಜಿಡ್ಡು, ಮಸಿಯಿಂದ ಮುಚ್ಚಿಹೋಗಿತ್ತು. ಇದು ನಿಜವಾಗಿಯೂ ಕೊಳೆ, ಲೋಹಕ್ಕೆ ಸಂಬಂಧಪಟ್ಟದ್ದಲ್ಲ. ಅದನ್ನು ತೆಗೆಯಬಹುದು.

ಗಾಜಿನ ಬಟ್ಟಲು, ಬಟ್ಟಿ ಇಳಿಸಿದ ನೀರು. ನೀರಿಗೆ ಪೆಟ್ರೋಲ್ ಬಂಕಿನ ಬ್ಯಾಟರಿ ವಾಟರ್ ಸಾಕು. ಅದೇ ಕಪಾಟಿನಲ್ಲಿ ಬ್ಯಾಟರಿ ಆಸಿಡ್ ಕೂಡ ಇರುತ್ತದೆ, ಚೀಟಿ ಓದಿ ತೆಗೆದುಕೊಳ್ಳಬೇಕು. ನಲ್ಲಿ ನೀರಾದರೆ ಕ್ಲೋರಿನ್, ಬಾವಿ ನೀರಾದರೆ ಲವಣ. ನಾಣ್ಯಗಳನ್ನು ಒಂದಕ್ಕೊಂದು ತಾಗದ ಹಾಗೆ ಇಡೀ ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬದಲಿಸಿ, ಆಮೇಲೆ ಅಸಿಟೋನಿನಲ್ಲಿ ಇಟ್ಟೆವು. ಅಸಿಟೋನ್ ಬೆಳ್ಳಿಯನ್ನು ಮುಟ್ಟುವುದಿಲ್ಲ, ಜಿಡ್ಡನ್ನು ಕರಗಿಸುತ್ತದೆ. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯ ಶುದ್ಧ ಅಸಿಟೋನೇ ಆಗಬೇಕು. ಉಗುರು ಬಣ್ಣ ತೆಗೆಯುವ ದ್ರವದಲ್ಲಿ ಸುವಾಸನೆ, ಎಣ್ಣೆ ಬೆರೆಸಿರುತ್ತಾರೆ. ಪ್ಲಾಸ್ಟಿಕ್ ಬಟ್ಟಲಿನಲ್ಲಿ ಹಾಕಿದರೆ ಬಟ್ಟಲೇ ಕರಗಿ ನಾಣ್ಯಕ್ಕೆ ಅಂಟಬಹುದು. ಬೆಂಕಿಗೆ ಬಹಳ ಬೇಗ ಹೊತ್ತಿಕೊಳ್ಳುವ ದ್ರವ, ಹಾಗಾಗಿ ಒಲೆ, ದೇವರ ದೀಪ ಎಲ್ಲದರಿಂದ ದೂರ, ಅಂಗಳದ ಚಾವಡಿಯಲ್ಲಿ ಈ ಕೆಲಸ. ತಿಕ್ಕಲಿಲ್ಲ. ಒರೆಸಲೂ ಇಲ್ಲ, ಹತ್ತಿಬಟ್ಟೆಯ ಮೇಲಿಟ್ಟು ತಾನಾಗಿ ಆರಲು ಬಿಟ್ಟೆವು. ಎರಡರಲ್ಲಿ ಜಿಡ್ಡು ಬಿಟ್ಟು ಚುಕ್ಕಿಗಳು ಲೆನ್ಸಿಗೆ ಸ್ಪಷ್ಟವಾಗಿ ಕಂಡವು. ಮೂರನೆಯದರಲ್ಲಿ ಚುಕ್ಕಿಗಳಿರಬೇಕಾದಲ್ಲಿ ನುಣ್ಣಗಿನ ಮೈ. ಅದು ಹಿಂದೆ ಯಾವಾಗಲೋ ಬೂದಿಯಲ್ಲಿ ತಿಕ್ಕಿಸಿಕೊಂಡ ನಾಣ್ಯ. ಯಾವ ವರ್ಷದ್ದೆಂದು ಅದನ್ನು ಇನ್ನು ಯಾರೂ ಹೇಳಲಾರರು.

ತೊಳೆಯುವ ಮುನ್ನವೇ ಎಲ್ಲ ರೂಪಾಯಿಗಳನ್ನೂ ತೂಗಿದ್ದೆವು, ಗಾಳಿಯಲ್ಲಿ ಒಮ್ಮೆ, ನೂಲಿನಲ್ಲಿ ಇಳಿಬಿಟ್ಟು ನೀರಿನಲ್ಲಿ ಒಮ್ಮೆ. ಒಳ್ಳೆಯ ಬೆಳ್ಳಿಯ ರೂಪಾಯಿ ನೀರಿನಲ್ಲಿ ಸುಮಾರು 1.13 ಗ್ರಾಂ ಹಗುರಾಗುತ್ತದೆ. ಒಂದು ಎಡ್ವರ್ಡ್ ಮಾತ್ರ 1.3 ಗ್ರಾಮಿಗಿಂತ ಹೆಚ್ಚು ಕಳೆದುಕೊಂಡಿತು. ನಕಲಿ, ಹಿತ್ತಾಳೆಯಂಥ ಯಾವುದೋ ಲೋಹಕ್ಕೆ ಬೆಳ್ಳಿ ಬಣ್ಣ ಕೊಟ್ಟದ್ದು. ಇಡೀ ರಾಶಿಯಲ್ಲಿ ಅತ್ಯಂತ ಬೆಳ್ಳಗೆ, "ಇದೊಂದು ಚೆನ್ನಾಗಿ ಉಳಿದಿದೆ ನೋಡಿ" ಎಂದು ಮನೆಯವರು ಎತ್ತಿ ತೋರಿಸಿದ್ದು ಅದನ್ನೇ. ಎಲ್ಲವನ್ನೂ ಅಕ್ಕಸಾಲಿಗರ ಬಳಿ ಕುದಿಸಿದ್ದರೆ ಅಸಲಿ ನಕಲಿ ಒಂದೇ ಬಣ್ಣಕ್ಕೆ ಬಂದು ಕಣ್ಣಿಗೆ ಸಿಗುವ ಆ ಸುಳಿವೂ ಹೋಗುತ್ತಿತ್ತು.

ಆಲ್ಬಮ್ಮಿನ ಹಸಿರು ಅಂಟು

ಆಲ್ಬಂ ತೆರೆದಾಗಲೇ ಹೊಸ ರೆಕ್ಸಿನ್ನಿನ ವಾಸನೆ. ಮೆತ್ತಗಿನ ಪಿವಿಸಿ ಜೇಬುಗಳು. 1950ರ ನಿಕ್ಕಲ್ ರೂಪಾಯಿ, 1957ರ ಏಪ್ರಿಲ್‌ನಲ್ಲಿ ದಶಮಾಂಶ ಪದ್ಧತಿ ಬಂದ ಮೇಲಿನ ಕಂಚಿನ ನಯಾ ಪೈಸೆಗಳು, ಅಲ್ಯೂಮಿನಿಯಂ ಪೈಸೆಗಳು, ಕಮಲದ ಹಳದಿ 20 ಪೈಸೆ. ಅದರಲ್ಲಿ ಚಿನ್ನ ಇದೆಯೆಂಬ ವದಂತಿ ನಂಬಿ ಎಷ್ಟೋ ಮನೆಗಳು ಕಮಲದ ನಾಣ್ಯ ಕೂಡಿಟ್ಟವು, ಈ ಮನೆಯೂ ಇಟ್ಟಿತ್ತು, ಒಂದು ಇಡೀ ಪುಟ ತುಂಬ.

ಕಂಚಿನ ಮತ್ತು ತಾಮ್ರ-ನಿಕ್ಕಲ್ ನಾಣ್ಯಗಳ ಮೇಲೆ ಹಸಿರು ಅಂಟು ಕಟ್ಟಿತ್ತು. ಮೆತ್ತನೆಯ ಪಿವಿಸಿ ಕಾಲಕ್ರಮದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಮೆದುಗೊಳಿಸಲು ಹಾಕಿದ ಎಣ್ಣೆಯಂಥ ಪದಾರ್ಥವನ್ನೂ ಬಿಡುತ್ತದೆ. ಆಮ್ಲ ತಾಮ್ರವನ್ನು ತಿನ್ನುತ್ತದೆ. ಇಲ್ಲಿ ಮುಟ್ಟದೆ ಬಿಡುವ ಮಾತೇ ಇಲ್ಲ. ತಡಮಾಡಿದಷ್ಟೂ ಕುಳಿ ಆಳವಾಗುತ್ತದೆ. ಮತ್ತೆ ಅಸಿಟೋನ್, ದ್ರವ ಹಸಿರಾದಾಗಲೆಲ್ಲ ಚೆಲ್ಲಿ ಹೊಸದು. ಹೆಚ್ಚಿನವು ಚೆನ್ನಾಗಿಯೇ ಬಂದವು. ಕೆಲವು ನಯಾ ಪೈಸೆಗಳಲ್ಲಿ ಅಂಟು ಹೋದ ಮೇಲೆ ಸೂಜಿಮೊನೆಯಷ್ಟು ಕುಳಿಗಳು ಕಂಡವು, ಅದಕ್ಕೆ ಪರಿಹಾರವಿಲ್ಲ. ಅಲ್ಯೂಮಿನಿಯಂ ಪೈಸೆಗಳಿಗೆ ಈ ರೋಗ ಹತ್ತಿರಲಿಲ್ಲ. ಅವನ್ನು ಸೋಡ ನೀರಿನಲ್ಲಿ ತೊಳೆಯುವುದಷ್ಟೇ ಬೇಡ, ಕ್ಷಾರಕ್ಕೆ ಅಲ್ಯೂಮಿನಿಯಂ ಕಪ್ಪಾಗುತ್ತದೆ. ಆಲ್ಬಂ ಒಲೆಗೆ ಹಾಕಬೇಡಿ, ಅದರ ಹೊಗೆ ಕೆಟ್ಟದ್ದು, ಕಸಕ್ಕೆ ಹಾಕಿ ಎಂದೆ. ಬದಲಿಗೆ ರಟ್ಟಿನ ಚೌಕಟ್ಟಿಗೆ ಮೈಲಾರ್ ಎಂಬ, ಪಿವಿಸಿ ಅಲ್ಲದ ಪ್ಲಾಸ್ಟಿಕ್ ಹಾಳೆ ಇರುವ ಹೋಲ್ಡರ್‌ಗಳನ್ನು ತರಿಸಿದರು.

ಟಿಪ್ಪುವಿನ ಪೈಸೆ

ನನ್ನನ್ನು ಕರೆಸಿದ್ದು ಸಾರ್ಥಕ ಎನಿಸಿದ್ದು ಇದರಿಂದ. ಹೈದರ್ ಅಲಿ 1763ರಲ್ಲಿ ಕೆಳದಿ ಅರಸರ ಬಿದನೂರನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟ. ಈಗ ಅದು ಬರೀ ನಗರ. ಅಲ್ಲಿಯ ಟಂಕಸಾಲೆಯಲ್ಲಿ ಟಿಪ್ಪುವಿನ ಕಾಲಕ್ಕೂ ಆನೆ ಪೈಸೆಗಳು ಅಚ್ಚಾದವು. ಈ ಮನೆಯ ಪೈಸೆಯ ಹಿಂಬದಿಯಲ್ಲಿ ‘ನಗರ’ ಎಂದು ಪಾರಸಿಯಲ್ಲಿ ಓದಬಹುದಿತ್ತು. ಅಂದರೆ ಹುಟ್ಟಿದ ಊರಿನಿಂದ ಹೆಚ್ಚು ದೂರ ಹೋಗದೆ ಎರಡು ಶತಮಾನ ಕಳೆದ ನಾಣ್ಯ. ಟಿಪ್ಪು ತಂದ ಮೌಲೂದಿ ಶಕೆಯಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಆ ಅಂಕಿಗಳಿರಬೇಕಾದ ಜಾಗದಲ್ಲೇ ತಿಳಿಹಸಿರು ಪುಡಿ.

ತಾಮ್ರದ ಮೇಲಿನ ಹಸಿರೆಲ್ಲ ಒಂದೇ ಅಲ್ಲ. ಗಟ್ಟಿಯಾಗಿ, ನಯವಾಗಿ, ಕಡುಹಸಿರಾಗಿ ಮೈಗೆ ಅಂಟಿಕೊಂಡದ್ದು ತಾಮ್ರದ ರಕ್ಷಣೆಯೇ. ಕಂದುಬಣ್ಣದ ಪದರವೂ ಹಾಗೆಯೇ. ಮಯಿಲಿ ಕಾಸುಗಳ ಮೇಲೆ ಇದ್ದದ್ದು ಅಂಥ ಚಾಕೊಲೇಟ್ ಬಣ್ಣ, ಅವನ್ನು ನಾವು ಮುಟ್ಟಲಿಲ್ಲ. ಪೈಸೆಯ ಮೇಲಿನದು ಬೇರೆ. ಬಿದಿರ ಕಡ್ಡಿ ತಾಗಿಸಿದರೆ ಉದುರುತ್ತದೆ, ಕೆಳಗೆ ಸಣ್ಣ ಕುಳಿ. ಇದಕ್ಕೆ ಕಂಚಿನ ರೋಗ ಎನ್ನುತ್ತಾರೆ. ಲೋಹದೊಳಗೆ ಸೇರಿಕೊಂಡ ತಾಮ್ರದ ಕ್ಲೋರೈಡ್ ಗಾಳಿಯ ತೇವ ಮತ್ತು ಆಮ್ಲಜನಕದೊಡನೆ ಸೇರಿ ಪುಡಿಯಾಗಿ ಅರಳುತ್ತದೆ. ಆ ಕ್ರಿಯೆಯಲ್ಲೇ ಆಮ್ಲ ಹುಟ್ಟುತ್ತದೆ. ಆಮ್ಲ ಇನ್ನಷ್ಟು ತಾಮ್ರವನ್ನು ಕ್ಲೋರೈಡ್ ಮಾಡುತ್ತದೆ. ತೇವ ಇರುವ ತನಕ ಈ ಸುತ್ತು ನಿಲ್ಲುವುದಿಲ್ಲ. ಗಾಳಿಯ ತೇವಾಂಶ ನಲವತ್ತು ಶೇಕಡಾದ ಆಚೀಚೆಗೆ ಇಳಿದರೆ ನಿಲ್ಲುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಅದು ತಾನಾಗಿ ಆಗುವ ಮಾತಲ್ಲ.

ಕ್ಲೋರೈಡ್ ಬಂದದ್ದೆಲ್ಲಿಂದ? ಅಮ್ಮನನ್ನು ಕೇಳಿದೆ. "ನಮ್ಮ ಅತ್ತೆಯವರ ಕಾಲದಲ್ಲಿ ಆಯುಧಪೂಜೆಗೆ ಮುಂಚೆ ಹಂಡೆ, ಚೊಂಬು, ದುಡ್ಡು ಎಲ್ಲ ಒಟ್ಟಿಗೇ ಹುಣಸೆ, ಉಪ್ಪು ಹಾಕಿ ತಿಕ್ಕೋದು. ಆನೆ ದುಡ್ಡು ಚೆಂದ ಕಾಣ್ತಿತ್ತು ಮಾರಾಯ್ರೇ" ಅಂದರು. ಹುಣಸೆಯ ಟಾರ್ಟಾರಿಕ್ ಆಮ್ಲ ಕಂದು ಪದರವನ್ನು ಕರಗಿಸುತ್ತದೆ, ಉಪ್ಪಿನ ಕ್ಲೋರೈಡ್ ಬೆತ್ತಲೆಯಾದ ಲೋಹದ ಸಂದುಗೊಂದುಗಳಿಗೆ ಇಳಿಯುತ್ತದೆ. ಹಂಡೆಯನ್ನು ಆಮೇಲೆ ಕೊಡಗಟ್ಟಲೆ ನೀರಿನಲ್ಲಿ ತೊಳೆಯುತ್ತಾರೆ, ದಿನಾ ಬಳಸುತ್ತಾರೆ. ನಾಣ್ಯವನ್ನು ಒರೆಸಿ ಡಬ್ಬಿಗೆ ಹಾಕಿ ಮುಚ್ಚುತ್ತಾರೆ. ಮಣ್ಣಿನಿಂದಲೂ ಕ್ಲೋರೈಡ್ ಬಂದಿರಬಹುದು, ಆದರೆ ಅದೇ ಡಬ್ಬಿಯಲ್ಲಿ ತಿಕ್ಕಿಸಿಕೊಳ್ಳದೆ ಉಳಿದ ಕಾಸುಗಳಿಗೆ ರೋಗವಿಲ್ಲ ಎನ್ನುವುದನ್ನು ನೋಡಿದರೆ ನನ್ನ ಗುಮಾನಿ ಉಪ್ಪಿನ ಮೇಲೆಯೇ. ಮೊನ್ನೆ ಮೊಮ್ಮಗ ತಿಕ್ಕಿದ ಮಯಿಲಿ ಕಾಸನ್ನು ಕೂಡಲೇ ತರಿಸಿ ಬಟ್ಟಿ ಇಳಿಸಿದ ನೀರಿನಲ್ಲಿ ಹಾಕಿಸಿದ್ದು ಇದೇ ಕಾರಣಕ್ಕೆ. ಅದರ ಗುಲಾಬಿ ಬಣ್ಣವನ್ನು ಹಿಂದಕ್ಕೆ ತರಲಾಗದು, ಉಪ್ಪನ್ನಾದರೂ ಹೊರಗೆ ತರಬಹುದು. ನೀರು ಬದಲಿಸುತ್ತ ಕೆಲವು ದಿನ ನೆನೆಸಿದರು. ಹುಡುಗ ಪಾಪ, ಮೊದಲು ಬೈಸಿಕೊಂಡಿದ್ದ. ನೀರು ಬದಲಿಸುವ ಕೆಲಸವನ್ನು ಅವನೇ ವಹಿಸಿಕೊಂಡ.

ಪೈಸೆಗೆ ಮನೆಯಲ್ಲಿ ಮಾಡಬಹುದಾದ್ದು ಕಡಿಮೆ. ಮೊದಲು ಉಳಿದ ತಾಮ್ರದಿಂದ ಬೇರೆ ಇಟ್ಟೆವು. ಲೆನ್ಸಿನ ಕೆಳಗೆ ಬಿದಿರ ಕಡ್ಡಿಯಿಂದ ಸಡಿಲ ಪುಡಿಯನ್ನಷ್ಟೇ ಎತ್ತಿದೆ, ಉಕ್ಕಿನ ಸೂಜಿ ಮುಟ್ಟಿಸಲಿಲ್ಲ. ಆಮೇಲೆ ಇಸವಿಯ ನಾಲ್ಕು ಅಂಕಿಗಳಲ್ಲಿ ಎರಡು ಕಂಡವು, ಉಳಿದೆರಡು ಕುಳಿಗೆ ಹೋಗಿವೆ. ಅಸಿಟೋನಿನಲ್ಲಿ ಮುಳುಗಿಸಿ ಒಳಗಿನ ತೇವ ಎಳೆಸಿ, ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಜೊತೆ ಮುಚ್ಚಿದೆವು. ಕೊಬ್ಬರಿ ಎಣ್ಣೆ ಹಚ್ಚಿದರೆ ಆಗದೇ ಎಂದು ಕೇಳಿದರು. ಕೊಬ್ಬರಿ ಎಣ್ಣೆ, ಆಲಿವ್ ಎಣ್ಣೆ ಎರಡರಲ್ಲೂ ಕೊಬ್ಬಿನ ಆಮ್ಲ ಇದೆ, ನಿಧಾನವಾಗಿ ತಾಮ್ರವನ್ನು ಕರಗಿಸಿ ತಾವೇ ಹಸಿರಾಗುತ್ತವೆ. ಬೆಂಜೋಟ್ರೈಅಜೋಲ್ ಎಂಬ ರಾಸಾಯನಿಕದಿಂದ ಇದಕ್ಕೆ ಚಿಕಿತ್ಸೆ ಉಂಟು, ಆದರೆ ಅದು ಆರೋಗ್ಯಕ್ಕೆ ಒಳ್ಳೆಯದಲ್ಲ. ಕೈಗವಸು, ಗಾಳಿ ಎಳೆಯುವ ಕಪಾಟು ಇರುವ ಸಂರಕ್ಷಣಾ ಪ್ರಯೋಗಾಲಯದ ಕೆಲಸ. ಅಡುಗೆಮನೆಯಲ್ಲಿ ಅದನ್ನು ಮಾಡಿಸಲು ನಾನು ಒಪ್ಪಲಿಲ್ಲ.

ದೇವರ ಕೋಣೆಯ ರೂಪಾಯಿಗಳು

ಈ ಐದರ ಬಗ್ಗೆ ಸ್ವಲ್ಪ ಜಗ್ಗಾಟ ಆಯಿತು. ಎರಡನೆಯ ಮಗನಿಗೆ ಅವೂ ಪಾಲಿಗೆ ಬರಬೇಕು, ಹಾಗಾಗಿ ಇನ್ನು ಯಾರೂ ವಿಭೂತಿ ಹಾಕಿ ತಿಕ್ಕಬಾರದು. ಅಮ್ಮ, "ಅದು ಲಕ್ಷ್ಮಿ. ಕುಂಕುಮ ಹಚ್ತೇನೆ, ಹಾಲಲ್ಲಿ ತೊಳೀತೇನೆ, ನೀವು ಯಾರು ಕೇಳೋದು" ಅಂದರು. ನಾನು ಅಮ್ಮನ ಕಡೆ. ವಿಕ್ಟೋರಿಯಾಳ ಕೂದಲು, ಕಿರೀಟ ಎಲ್ಲ ನುಣುಪಾಗಿ ಮುಖ ಬರೀ ನೆರಳಾಗಿತ್ತು. ಸಂಗ್ರಹದ ಲೆಕ್ಕದಲ್ಲಿ ಅವುಗಳ ಬೆಲೆ ಬೆಳ್ಳಿಯ ಬೆಲೆಗಿಂತ ಹೆಚ್ಚೇನಿಲ್ಲ. ಒಂದಕ್ಕೆ ಕಾಸಿನ ಸರದಿಂದ ಕಿತ್ತ ಬೆಸುಗೆಯ ಗುರುತೂ ಇತ್ತು. ಇನ್ನು ಹತ್ತು ಸಲ ತಿಕ್ಕಿದರೂ ಅವು ಕಳೆದುಕೊಳ್ಳುವುದು ಏನೂ ಉಳಿದಿಲ್ಲ, ಮನೆಗೆ ಅವುಗಳ ಬೆಲೆ ಬೇರೆಯೇ ಇದೆ. ಒಂದು ಮಾತು ಮಾತ್ರ ಸೇರಿಸಿದೆ: ಇನ್ನು ಬೇರೆ ಯಾವ ನಾಣ್ಯವನ್ನೂ ಆ ತಟ್ಟೆಗೆ ಸೇರಿಸಬೇಡಿ. 1918ರ ರೂಪಾಯಿ ಚೆಂದ ಇದೆಯೆಂದು ಅಮ್ಮನ ಕಣ್ಣು ಅದರ ಮೇಲೆ ಬಿದ್ದಿತ್ತು.

ಬೆಲೆಯ ಮಾತು

ಎಲ್ಲರೂ ಕೊನೆಗೆ ಕೇಳಿದ್ದು, ತೊಳೆಯದೆ ಮಾರಿದರೆ ಕಡಿಮೆ ಬರುವುದಿಲ್ಲವೇ ಎಂದು. ಸಾಮಾನ್ಯ ಕೊಳ್ಳುವವರಲ್ಲಿ ಹೊಳೆಯುವ ನಾಣ್ಯಕ್ಕೆ ಮರುಳಾಗುವವರು ಇದ್ದಾರೆ, ಸುಳ್ಳು ಹೇಳಲಾರೆ. ಅಕ್ಕಸಾಲಿಗರಿಗೆ ತೂಕ ಒಂದೇ ಲೆಕ್ಕ. ಆದರೆ ಒಳ್ಳೆಯ ನಾಣ್ಯಕ್ಕೆ ಒಳ್ಳೆಯ ಬೆಲೆ ಕೊಡುವವರು ಲೆನ್ಸ್ ಹಿಡಿದು ಮೊದಲು ನೋಡುವುದೇ ತಿಕ್ಕಿದ ಗೀರುಗಳನ್ನು. ಅಮೆರಿಕದ ಪಿಸಿಜಿಎಸ್, ಎನ್‌ಜಿಸಿಯಂಥ ದರ್ಜೆ ನಿರ್ಧರಿಸುವ ಸಂಸ್ಥೆಗಳು 70ರ ಮಾಪಕದಲ್ಲಿ ಅಂಕ ಕೊಡುತ್ತವೆ. ಕೆಟ್ಟದಾಗಿ ಶುಚಿ ಮಾಡಿದ್ದು ಕಂಡರೆ ಅಂಕ ಕೊಡದೆ ‘ಡೀಟೇಲ್ಸ್’ ಎಂದು ಬರೆದು ಕಾರಣ ನಮೂದಿಸುತ್ತವೆ. ಆ ಒಂದು ಪದ ಬಂದರೆ ಬೆಲೆ ಇಳಿದ ಹಾಗೆಯೇ.

ಅಮೆರಿಕದಲ್ಲಿರುವ ಮಗ ಫೋನಿನಲ್ಲಿ, ತನ್ನ ಪಾಲಿನದನ್ನು ತಂದು ಅಲ್ಲಿಯೇ ದರ್ಜೆ ಹಾಕಿಸುತ್ತೇನೆ ಎಂದರು. ಅದಕ್ಕೆ ಕಾನೂನಿನ ಅಡ್ಡಿ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. 1918ರ ರೂಪಾಯಿಯೂ ಈಗ ಆ ಗೆರೆ ದಾಟಿದೆ. ಕೊನೆಗೆ ಅವರ ಪಾಲಿಗೆ ಆರನೆಯ ಜಾರ್ಜ್ ಕಾಲದವು ಮತ್ತು ಆಲ್ಬಮ್ಮಿನವು, ಹಳೆಯವೆಲ್ಲ ಇಲ್ಲಿರುವವರಿಗೆ ಎಂದು ಹೊಂದಿಸಿಕೊಂಡರು. ಕಮಲದ ಪೈಸೆಗಳ ಇಡೀ ಪುಟ ಅವರಿಗೇ ಹೋಯಿತು.

ಮಳೆಗಾಲದ ನಂತರ

ಪೆಟ್ಟಿಗೆಯ ಬದಲು ಎರಡು ಗಾಳಿಯಾಡದ ಡಬ್ಬಿಗಳು ಬಂದವು, ಬೆಳ್ಳಿಗೆ ಒಂದು, ತಾಮ್ರಕ್ಕೆ ಒಂದು. ಅಟ್ಟದಿಂದ ಒಳಕೋಣೆಯ ಕಪಾಟಿಗೆ ಜಾಗ ಬದಲಾಯಿತು. ಸಿಲಿಕಾ ಜೆಲ್ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಮೆಲ್ಲಗೆ ಹುರಿದು ಮತ್ತೆ ಹಾಕುವುದು ಮೊಮ್ಮಗನ ಕೆಲಸ. ಆಷಾಢದಲ್ಲಿ ವಾರಕ್ಕೊಮ್ಮೆ ಹುರಿಯಬೇಕಾಯಿತು ಎಂದ. ದೀಪಾವಳಿಯ ಹೊತ್ತಿಗೆ ತೆರೆದು ನೋಡಿದಾಗ ಬೆಳ್ಳಿ ಇದ್ದ ಹಾಗೆಯೇ ಇತ್ತು. ಹುಣಸೆ ಕಂಡ ಮಯಿಲಿ ಕಾಸಿನ ಗುಲಾಬಿ ಬಣ್ಣ ಮಂಕಾಗಿ ಕಿತ್ತಳೆಗೆ ತಿರುಗಿದೆ, ಹಸಿರು ಎದ್ದಿಲ್ಲ. ಅದನ್ನು ಮುಂದೆ ಮಾರುವುದಾದರೆ ತಿಕ್ಕಿದ್ದು ಎಂದು ಹೇಳಿಯೇ ಮಾರಬೇಕು ಎಂದು ಹೋಲ್ಡರಿನ ಮೇಲೆ ಬರೆಸಿದ್ದೇನೆ. ಕೃತಕವಾಗಿ ಕಂದು ಬಣ್ಣ ಕೊಡುವವರೂ ಇದ್ದಾರೆ, ಅದಕ್ಕೆ ಹೋಗಬೇಡಿ ಎಂದೂ ಹೇಳಿದ್ದೇನೆ.

ಟಿಪ್ಪುವಿನ ಪೈಸೆಯಲ್ಲಿ ಆನೆಯ ಬಾಲದ ಬಳಿ ಸಾಸಿವೆ ಕಾಳಿನಷ್ಟು ತಿಳಿಹಸಿರು ಮತ್ತೆ ಎದ್ದಿತ್ತು. ತೇವ ತಡೆದು ಕಾಯುವ ಉಪಾಯ ಇದೊಂದಕ್ಕೆ ಸಾಲಲಿಲ್ಲ. ಮನೆಯವರು ಅದನ್ನು ಬೆಂಗಳೂರಿನ ಸಂರಕ್ಷಣಾ ಪ್ರಯೋಗಾಲಯವೊಂದಕ್ಕೆ ಒಪ್ಪಿಸಲು ತೀರ್ಮಾನಿಸಿದ್ದಾರೆ. ಚಿಕಿತ್ಸೆಯ ಖರ್ಚು ನಾಣ್ಯದ ಬೆಲೆಗಿಂತ ಜಾಸ್ತಿ ಆಗಬಹುದು ಎಂದು ಮುಂಚೆಯೇ ತಿಳಿಸಿದೆ. ಹಿರಿಯ ಮಗ, "ನಗರದ ದುಡ್ಡು, ನಮ್ಮ ಕಾಲಕ್ಕೆ ಪುಡಿ ಆಯ್ತು ಅಂತ ಆಗಬಾರದು" ಎಂದು ಖರ್ಚನ್ನು ತನ್ನ ಪಾಲಿಗೆ ಹಾಕಿಕೊಂಡರು. ಕಳಿಸುವ ಮುನ್ನ ಎರಡೂ ಬದಿಯ ಫೋಟೊ ತೆಗೆದು, ತೂಕ ಬರೆದಿಟ್ಟುಕೊಂಡಿದ್ದಾರೆ.